ಅಮಾವಾಸ್ಯೆಯ ಸಂಜೆ ಮುಚ್ಚಿದ ಕಿಟಕಿ

ಆಗ ನನಗೆ ನಲವತ್ತಾರು. ಅದಾಗಿ ಮೂವತ್ತು ವರ್ಷದ ಹತ್ತಿರ ಬಂತು. ಎದುರು ಮನೆ ಅಕ್ಕನನ್ನು ನೆನೆದರೆ ಮೊದಲು ಕಾಣುವುದು ಅವಳ ಉಗುರು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಹಸಿರು ಬಣ್ಣ ಅಂಚಿನಲ್ಲಿ ಉಳಿದಿರುತ್ತಿತ್ತು. ಪಾಂಡವಪುರದ ಹತ್ತಿರದ ನಮ್ಮೂರಲ್ಲಿ ಎಲ್ಲರೂ ಹೊಸಿಲು ತೊಳೆದು ಪೂಜೆ ಮಾಡಿದರೆ, ಇವಳು ಕಿಟಕಿಗೂ ಮಾಡುತ್ತಿದ್ದಳು. ವರ್ಷಕ್ಕೊಂದು ಸಲ ಸರಳು ಉಜ್ಜಿ, ಬಣ್ಣ ಬಳಿದು, ಸುತ್ತ ಸುಣ್ಣದ ಪಟ್ಟಿ ಎಳೆಯುತ್ತಿದ್ದಳು. ಬಾಯಿ ಮಾತ್ರ ಒರಟು.

"ನಿನ್ ಕಿಟ್ಕಿ ನೋಡುದ್ರೆ ಹಲ್ಲುಜ್ಜದ ಬಾಯಿ ಕಂಡಂಗಾಯ್ತದೆ ಕಣವ್ವ" ಎಂದು ನನಗೆ ಅಂದವಳು.

ಆ ವರ್ಷ ನನ್ನ ಸೊಸೆ ಬಾಣಂತನಕ್ಕೆ ಗಂಜಾಂನ ತವರಿಗೆ ಹೋದವಳು ಕೂಸಿಗೆ ಐದು ತಿಂಗಳಾದರೂ ಬಂದಿರಲಿಲ್ಲ. ಕಿಟಕಿ ತುಕ್ಕು ಹಿಡಿದು ಮುಚ್ಚೇ ಇರುತ್ತಿದ್ದ ನಮ್ಮ ಕತ್ತಲೆ ಕೋಣೆಯಲ್ಲಿ ಕೂಸನ್ನು ಮಲಗಿಸಲ್ಲ ಅಂತ ಹೇಳಿ ಕಳಿಸಿದ್ದಳು. ಮಗನೂ ಹೆಚ್ಚುಕಮ್ಮಿ ಅಲ್ಲೇ. ಎಲ್ಲಿ ಮನೆ ಅಳಿಯ ಆಗಿಬಿಡುತ್ತಾನೋ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ. ಕೊನೆಗೆ ಸೊಸೆ, ಬಂದು ನೋಡುತ್ತೇನೆ, ಸರಿ ಕಾಣದಿದ್ದರೆ ಸಂಜೆ ಬಸ್ಸಿಗೆ ವಾಪಸ್ಸು, ಅಂದಳು.

ಅಕ್ಕನಿಗೆ ಹೇಳಿದೆ. ಕೂತು ಅತ್ತರೆ ತುಕ್ಕು ಹೋಗುತ್ತದಾ ಎಂದು ಇಟ್ಟಿಗೆ ಚೂರು ಕೈಗೆ ಕೊಟ್ಟಳು. ಇಬ್ಬರೂ ಸರಳು ಉಜ್ಜಿದೆವು. ಕಿಟಕಿ ಕದಕ್ಕೆ ಅವಳ ಮನೆಯಲ್ಲಿ ಉಳಿದಿದ್ದ ಹಸಿರು ಬಣ್ಣ. ಸುತ್ತಲ ಗೋಡೆಗೆ ಸುಣ್ಣ, ಅದರ ಅಂಚಿಗೆ ಕೆಮ್ಮಣ್ಣು. ನನ್ನ ಹಳೇ ಹಳದಿ ಸೀರೆ ಹರಿದು, ಮಡಿಸಿ ಹೊಲಿದು, ತಂತಿಗೆ ಪೋಣಿಸಿ ಪರದೆ ಮಾಡಿದಳು. ಎಣ್ಣೆ ಡಬ್ಬಿ ಕತ್ತರಿಸಿ ದೊಡ್ಡಪತ್ರೆ ಕಡ್ಡಿ ನೆಟ್ಟು ಕಿಟಕಿ ಪಕ್ಕದಲ್ಲಿಟ್ಟಳು. ನೋಡಲೂ ಆಯಿತು, ಕೂಸಿನ ಕೆಮ್ಮಿಗೂ ಆಯಿತು ಅಂದಳು.

ಅವತ್ತು ಅಮಾವಾಸ್ಯೆ. ಮಾರನೆಯ ಬೆಳಗ್ಗೆ ಸೊಸೆ ಬರುವವಳಿದ್ದಳು. ದೀಪ ಹಚ್ಚುವ ಹೊತ್ತಿಗೆ ಅವಳಿಗೆ ಭಯ ಹತ್ತಿತು. ಕೂಸು ಬರುವ ಕೋಣೆಗೆ ಪೀಡೆ ಗಾಳಿ ಸೋಕಬಾರದು ಎಂದು ತಾನೇ ಕದ ಎಳೆದು ಅಗುಳಿ ಹಾಕಿ ಹೋದಳು. ಬಣ್ಣ ಇನ್ನೂ ಹಸಿ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಬೆಳಗ್ಗೆ ಕದ ಅಲುಗಲಿಲ್ಲ. ಎರಡು ಕದವೂ ಒಂದಕ್ಕೊಂದು ಅಂಟಿಕೊಂಡಿದ್ದವು. ತಳ್ಳಿದೆ, ಗುದ್ದಿದೆ. ಕೋಣೆ ಮೊದಲಿನಷ್ಟೇ ಕತ್ತಲೆ, ಮೇಲೆ ಬಣ್ಣದ ವಾಸನೆ ಬೇರೆ. ಬಸ್ಸು ಬರುವ ಹೊತ್ತು. ಅಕ್ಕನನ್ನು ಕೂಗಿದೆ. ಅಕ್ಕ ಓಡಿ ಬಂದು ನೋಡಿದಳು.

"ಸುಮ್ಕಿರವ್ವ. ಮುಚ್ಚಿದೋಳು ನಾನು, ತಗಿಯೋಳೂ ನಾನೇಯ."

ಸರಳಿನ ನಡುವೆ ಕೈ ತೂರಿಸಿ ಕುಡುಗೋಲಿನ ಮೊನೆಯಿಂದ ಸಂದು ಬಿಡಿಸತೊಡಗಿದಳು. ಹೊರಗೆ ಬಸ್ಸಿನ ಹಾರನ್ನು ಕೇಳಿತು. ಅವಳು ತಿರುಗಿ ನೋಡಲಿಲ್ಲ. ಸೊಸೆ ಹೊಸಿಲು ದಾಟುವುದಕ್ಕೂ ಕದ ಕಿರ್ರೆಂದು ಬಿಡುವುದಕ್ಕೂ ಸರಿಹೋಯಿತು. ಅಕ್ಕ ಕುಯ್ದುಕೊಂಡ ಅಂಗೈಯನ್ನು ಸೆರಗಲ್ಲಿ ಸುತ್ತಿ, "ಗೀಚು ಕಾಣ್ತದೆ, ಪರದೆ ಒಸಿ ಎಳಿ" ಎಂದು ಪಿಸುಗುಟ್ಟಿದಳು.

ಸೊಸೆ ಕೂಸನ್ನು ಎತ್ತಿಕೊಂಡು ಕಿಟಕಿ ಹತ್ತಿರ ಹೋಗಿ ನಿಂತಳು. ಕೂಸು ಹಳದಿ ಬಟ್ಟೆಗೆ ಕೈ ಚಾಚಿತು.

"ಅತ್ತೆ, ತೊಟ್ಲು ಇಲ್ಲೇ ಕಟ್ಟುಸ್ಬುಡಿ" ಅಂದಳು.

ಸಂಜೆ ಬಸ್ಸು ಅವಳನ್ನು ಬಿಟ್ಟೇ ಹೋಯಿತು.

ಅಕ್ಕ ಹೋದ ವರ್ಷ ತೀರಿಕೊಂಡಳು. ಅಂಗೈಯ ಗಾಯದ ಗೆರೆ ಕೊನೆಯವರೆಗೂ ಇತ್ತು. ನನ್ನ ಕದದ ಗೀಚು ಈಗಲೂ ಇದೆ. ಕೈ ನಡುಗುತ್ತಿದ್ದರಿಂದ ಕಡೆಗಾಲದಲ್ಲಿ ಅವಳ ಕಿಟಕಿಗೆ ಬಣ್ಣ ಬಿದ್ದಿರಲಿಲ್ಲ, ತುಕ್ಕು ಹಿಡಿದಿತ್ತು. ಹೆಣ ಬೀದಿಯಲ್ಲಿ ಹೋಗುವಾಗ ಎಲ್ಲರೂ ಬಾಗಿಲು, ಕಿಟಕಿ ಮುಚ್ಚಿದರು. ನಾನು ಮುಚ್ಚಲಿಲ್ಲ. ಮಾರನೆಯ ಬೆಳಗ್ಗೆ ಎದ್ದವಳೇ ಇಟ್ಟಿಗೆ ಚೂರು ಹಿಡಿದು ಎದುರು ಮನೆಗೆ ಹೋಗಿ, ಅವಳ ಕಿಟಕಿಯ ಸರಳು ಉಜ್ಜಲು ಕೂತೆ.