ತಕ್ಕಡಿ ಸಾಹುಕಾರರ ಉಪವಾಸ

ಗಜೇಂದ್ರಗಡದ ನೇಕಾರ ಓಣಿಯಲ್ಲಿ ನಮ್ಮದು ಸೀರೆ ನೇಯುವ ಮನೆ. ಹಗಲು ಮಗ್ಗ, ಸೋಮವಾರ ಸಂಜೆ ಭಜನೆಯಲ್ಲಿ ಹಾರ್ಮೋನಿಯಂ. ಆ ಹಾರ್ಮೋನಿಯಂ ನನ್ನನ್ನು ರಾಜಕೀಯಕ್ಕೆ ಎಳೆಯಿತು. ದೇಶದ ಎರಡನೆಯ ಚುನಾವಣೆ ಬಂದಾಗ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು, ಯಾವ ಪಕ್ಷವೂ ಕರೆಯಲಿಲ್ಲವೆಂದು, ತಾವೇ ಸ್ವತಂತ್ರವಾಗಿ ನಿಂತರು. ಅವರ ಗುರುತು ತಕ್ಕಡಿ.

"ಬರೇ ಭಾಷಣ ಅಂದ್ರ ಮಂದಿ ಕೂಡಂಗಿಲ್ಲ," ಅಂದರು ನನಗೆ. "ಮೊದಲ ನೀ ಎರಡು ಭಜನಿ ಹಾಡು. ಎಲ್ಲಾರೂ ಕಣ್ಣು ಮುಚ್ಚಿ ಕುಂತಿರ್ತಾರಲ್ಲ, ಆವಾಗ ನಾ ಎದ್ದು ನಿಲ್ತೀನಿ."

ನನ್ನ ಹೆಂಡತಿಗೆ ಇದು ಸೇರಲಿಲ್ಲ. "ದೇವರ ಹಾಡು ಹಾಡಿ ಓಟು ಬೇಡ್ತೀರೇನ್ರಿ?"

"ನಾ ಹಾಡೂದಷ್ಟ. ಬೇಡೂದು ಅವರು," ಅಂದೆ. ಖರೇ ಹೇಳಬೇಕೆಂದರೆ ನನಗೆ ಜೀಪಿನಲ್ಲಿ ಕೂಡುವ ಆಸೆ.

ಜೀಪಿನಲ್ಲಿ ನಾವು ಮೂವರು: ಡ್ರೈವರ್, ಸಾಹುಕಾರರು, ನಾನು. ಸಾಹುಕಾರರ ತೊಡೆಯ ಮೇಲೆ ಒಂದು ತಗಡಿನ ಡಬ್ಬಿ. ಅದರಲ್ಲಿ ನಾವು ಇಬತ್ತಿ ಅನ್ನುವ ವಿಭೂತಿ, ಕುಂಕುಮ, ಗಂಧ, ಭಂಡಾರದ ಅರಿಶಿನ, ಮಡಚಿಟ್ಟ ಒಂದು ಟೊಪ್ಪಿಗೆ. ಊರು ಹತ್ತಿರವಾದಂತೆ ಡ್ರೈವರ್ "ಇಲ್ಲಿ ಭಂಡಾರ್ರಿ" ಎಂದೋ "ಇಲ್ಲಿ ಇಬತ್ತಿ" ಎಂದೋ ಸೂಚನೆ ಕೊಡುತ್ತಿದ್ದ. ಸಾಹುಕಾರರು ಒದ್ದೆ ಟವೆಲ್ಲಿನಿಂದ ಹಣೆ ಒರೆಸಿಕೊಂಡು ಆ ಊರಿನ ಭಕ್ತರಾಗುತ್ತಿದ್ದರು. ನರಗುಂದದಲ್ಲಿ ಅವಸರವಾಯಿತು. ದರ್ಗಾದ ಮುಂದೆ ಟೊಪ್ಪಿಗೆ ಏರಿಸಿಕೊಂಡರು, ವಿಭೂತಿ ಒರೆಸುವುದನ್ನು ಮರೆತರು. ಅಲ್ಲಿದ್ದ ಹಿರಿಯರೊಬ್ಬರು ಅವರನ್ನು ಚೆನ್ನಾಗಿ ನೋಡಿ, "ಟೊಪಗಿ ಭಾಳ ಒಪ್ಪತೈತ್ರಿ ಸಾಹುಕಾರ್ರ. ಇಬತ್ತಿನೂ ಇರಲಿ ಬಿಡ್ರಿ, ನಮ್ಮದೇನ ತಕರಾರಿಲ್ಲ," ಅಂದರು.

ರೋಣದ ಪೇಟೆಯಲ್ಲಿ ಸಾಹುಕಾರರು, "ಇದು ಧರ್ಮದ ತಕ್ಕಡಿ! ಒಂದು ಪರಡಿಯೊಳಗ ದೇವರು, ಇನ್ನೊಂದರಾಗ ನಾನು," ಎಂದು ಗುಡುಗಿದರು. ಕಡಲೆ ಮಾರಲು ಬಂದಿದ್ದ ರೈತನೊಬ್ಬ ಕೂತಲ್ಲಿಂದಲೇ, "ದೇವರ ಮ್ಯಾಲಕ್ಕ ಹೋಗಿರಬೇಕಲ್ರಿ?" ಎಂದು ಕೇಳಿದ. ಸಾಹುಕಾರರ ಮೈ ಅಷ್ಟು ಭಾರದ್ದು. ಪೇಟೆಗೆ ಪೇಟೆಯೇ ನಕ್ಕಿತು.

ಅದೇ ದಿನ ಎದುರಾಳಿ ತನ್ನ ಸಭೆಗೆ ಒಬ್ಬ ಸ್ವಾಮಿಗಳನ್ನೇ ಕರೆತಂದು ಕೂಡಿಸಿದ್ದ ಸುದ್ದಿ ಬಂತು. ಸಾಹುಕಾರರಿಗೆ ಸಿಟ್ಟು ನೆತ್ತಿಗೇರಿತು. ಮೈಕು ಹಿಡಿದು ಕೂಗಿಯೇಬಿಟ್ಟರು: "ಓಟು ಮುಗಿಯೂತನಕ ನಾ ಅನ್ನ ಮುಟ್ಟಂಗಿಲ್ಲ! ನಿಮ್ಮ ಸಲುವಾಗಿ ಬರೇ ಹಾಲಿನ ಮ್ಯಾಲ ಇರ್ತೀನಿ!"

ಚಪ್ಪಾಳೆಯ ನಡುವೆ ಡ್ರೈವರ್ ನನ್ನ ಕಿವಿಯಲ್ಲಿ, "ಈಗಷ್ಟ ಊಟಾ ಮಾಡ್ಯಾರ. ಹೊಟ್ಟಿ ತುಂಬಿದಾಗ ಉಪಾಸ ಭಾಳ ಹಗೂರ," ಅಂದ.

ಸುದ್ದಿ ನಮ್ಮ ಜೀಪಿಗಿಂತ ಲಗೂ ಓಡಿತು. ಜಕ್ಕಲಿಯಲ್ಲಿ ಮನೆಮನೆಯಿಂದ ತಂಬಿಗೆ ತಂಬಿಗೆ ಹಾಲು ಬಂತು. ಊರು ದಾಟಿದ ಮೇಲೆ ಡ್ರೈವರ್ ರೋಣದ ಬಸ್‌ಸ್ಟ್ಯಾಂಡಿನಿಂದ ಕಟ್ಟಿಸಿ ತಂದಿದ್ದ ಮಿರ್ಚಿ ಭಜಿಯ ಪುಡಿಕೆ ಬಿಚ್ಚಿದ; ಸಾಹುಕಾರರು ಅಷ್ಟು ಹಾಲಿನ ಮೇಲೆ ಅದನ್ನೂ ತಿಂದರು. ಹಾಲಿಗೂ ಮಿರ್ಚಿಗೂ ಎಲ್ಲಿಯ ಸಂಬಂಧ? ದಾರಿಯುದ್ದಕ್ಕೂ ಜೋಳ ಕೊಯ್ದ ಹೊಲಗಳ ಪಕ್ಕ ಜೀಪು ಪದೇ ಪದೇ ನಿಲ್ಲಬೇಕಾಯಿತು.

ಆದರೂ ಬಾಯಿಚಪಲ ಹೋಗಲಿಲ್ಲ. ಮರುದಿನ ಮೆಣಸಗಿ ಸೇರಿದಾಗ ಜೀಪನ್ನು ಊರ ಹೊರಗೆ ಬೇವಿನ ಮರದ ಮರೆಗೆ ನಿಲ್ಲಿಸಿ ಸಾಹುಕಾರರು ಉಳಿದ ಭಜಿಗೆ ಕೈ ಹಾಕಿದರು. ಅಷ್ಟರಲ್ಲಿ ಒಬ್ಬ ಮುದುಕಿ ಹಾಲಿನ ತಂಬಿಗೆ ಹಿಡಿದು ಬಂದೇಬಿಟ್ಟಳು. ಅವಳ ಹಿಂದೆ ಓಡಿಬಂದ ಸೊಸೆ ಏದುಸಿರಿನಲ್ಲಿ ಹೇಳಿದಳು: "ನೋಡ್ರಿ, ನಮ್ಮ ಅತ್ತಿ ನಿನ್ನಿಯಿಂದ ಉಂಡಿಲ್ಲ. ಅಂವ ನಮ್ಮ ಸಲುವಾಗಿ ಹಸದ ತಿರಗತಾನ, ನಾ ಹ್ಯಾಂಗ ಉಣ್ಲಿ ಅಂತಾಳ್ರಿ."

ಸಾಹುಕಾರರ ಗಲ್ಲ ಉಬ್ಬಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಮುದುಕಿ ಎಣ್ಣೆ ಕಾಗದ ನೋಡಿದಳು, ಗಲ್ಲ ನೋಡಿದಳು.

"ಬಿಟ್ಟ್ಯಾ ಉಪಾಸ?"

ಸಾಹುಕಾರರು ಹೌದೆಂದು ತಲೆಯಾಡಿಸಿದರು.

"ಚಲೋ ಮಾಡಿದಿ, ಯಪ್ಪಾ. ನನಗೂ ಕಣ್ಣಿಗೆ ಕತ್ತಲಿ ಬರಾಕ ಹತ್ತಿತ್ತು," ಎಂದವಳೇ ಜೀಪಿನ ಮೆಟ್ಟಿಲ ಮೇಲೆ ಕೂತು, ಪುಡಿಕೆಯಿಂದ ಒಂದು ಭಜಿ ತೆಗೆದುಕೊಂಡು ತಿಂದಳು. ಖಾರಕ್ಕೆ ಕೆಮ್ಮು ಬಂತು. ತಾನೇ ತಂದಿದ್ದ ಹಾಲನ್ನು ತಾನೇ ಕುಡಿದಳು. ನಂತರ ನಮ್ಮನ್ನೆಲ್ಲ ಮನೆಗೆ ಕರೆದೊಯ್ದು ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಸಾಹುಕಾರರು ನೆಲಕ್ಕೆ ಕೂತು, ತಲೆ ತಗ್ಗಿಸಿ ಉಂಡರು. ಕೈ ತೊಳೆಯುವಾಗ ಮಾತ್ರ ಅಭ್ಯಾಸಬಲ ಕೆಲಸ ಮಾಡಿತು.

"ಅವ್ವಾ, ತಕ್ಕಡಿಗೆ ಓಟ ಹಾಕ್ತಿಯಲ್ಲ?"

"ನೋಡೂಣಂತ. ನಮ್ಮನಿಯಾಗ ಉಂಡಾವ್ರು ಭಾಳ ಮಂದಿ. ನನ್ನ ಕಡೆ ಇರೂದು ಒಂದ ಚೀಟಿ."

ಸಂಜೆಯ ಸಭೆಯಲ್ಲಿ ಯಾರೋ "ಉಪಾಸ ಏನಾತ್ರಿ?" ಎಂದು ಕೂಗಿದರು. ಸಾಹುಕಾರರು ಬಾಯಿ ತೆರೆಯುವ ಮೊದಲೇ ಹೆಂಗಸರ ನಡುವಿನಿಂದ ಮುದುಕಿ, "ನಾ ಬಿಡಿಸೀನಿ. ಹಸದ ಮನಿಷ್ಯಾ ನಮಗೇನ ಮಾಡ್ತಾನ?" ಅಂದಳು. ರೋಣದ ಚಪ್ಪಾಳೆಗಿಂತ ಇಲ್ಲಿಯದು ಜೋರಾಗಿತ್ತು. ಆ ದಿನ ಸಾಹುಕಾರರು ದೇವರ ಸುದ್ದಿ ಎತ್ತದೆ ಭಾಷಣ ಮುಗಿಸಿದರು. ಆದರೆ ಮುಂದಿನ ಊರಿನಲ್ಲಿ ಡಬ್ಬಿ ಮತ್ತೆ ತೆರೆಯಿತು.

ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಓಟಿನ ದಿನ ನಾನು ಚೀಟಿ ಹಾಕಲು ಒಳಗೆ ಹೋದಾಗ ಎಲ್ಲ ಪೆಟ್ಟಿಗೆಗಳಿಗೂ ಕುಂಕುಮ ಏರಿತ್ತು, ಹೂವು ಬಿದ್ದಿತ್ತು. ನಮ್ಮ ಹೆಂಗಸರು ಯಾರನ್ನೂ ಸಿಟ್ಟಿಗೆಬ್ಬಿಸುವ ಮಂದಿಯಲ್ಲ.

ಸಾಹುಕಾರರು ಸೋತರು. ಕೆಲ ದಿನಗಳ ಮೇಲೆ ನಮ್ಮ ಮನೆಗೆ ಬಂದು, ನನ್ನ ಮಗ್ಗದಿಂದ ಆಗಷ್ಟೇ ಇಳಿದಿದ್ದ ಸೀರೆಯೊಂದನ್ನು ಕೊಂಡು, ಮೆಣಸಗಿಯ ಮುದುಕಿಗೆ ಮುಟ್ಟಿಸಿ ಬಾ ಎಂದು ಡ್ರೈವರನ್ನು ಕಳಿಸಿದರು. ಅವನು ಅವಳ ಮಾತನ್ನು ಹೊತ್ತು ತಂದ: "ಸೀರಿ ಭಾಳ ಚಲೋ ಐತಿ. ಓಟ ಮಾತ್ರ ಬ್ಯಾರೇದವರಿಗೆ ಹಾಕಿದ್ದೆ, ಬ್ಯಾಸರ ಆಗಬ್ಯಾಡ ಅಂತ ಹೇಳು."

ಸಾಹುಕಾರರು ಹತ್ತಿ ಅಂಗಡಿಯ ಗಾದಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಮುಂದೆ ಅವರು ಯಾವ ಚುನಾವಣೆಗೂ ನಿಲ್ಲಲಿಲ್ಲ.