ಎನಿಡ್ ಕೈಗೆ ಕೊಟ್ಟ ಲಕೋಟೆ

ಮ್ಯೂರಿಯಲ್ ಅಕ್ರಾಯ್ಡ್ ಲೋಕದಲ್ಲಿ ನಂಬುತ್ತಿದ್ದದ್ದು ಒಬ್ಬಳನ್ನೇ, ಗೆಳತಿ ಎನಿಡ್ ಸಗ್ಡನ್‌ಳನ್ನು. ಮಿಕ್ಕವರ ಮೇಲೆಲ್ಲ ಅವಳಿಗೆ ಗುಮಾನಿ. ಸ್ಕೆಲ್‌ಥಾರ್ಪ್‌ನ ನಮ್ಮ ಪಕ್ಷದ ಶಾಖೆ ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರುತ್ತಿತ್ತು. ಇಬ್ಬರು ಟೀ ಹಿಡಿದು ಮೂಲೆಗೆ ಸರಿದರೆ ಸಾಕು, ಕಾರ್ಯದರ್ಶಿ ಮ್ಯೂರಿಯಲ್‌ಳ ಕನ್ನಡಕ ಮೂಗಿನ ತುದಿಗೆ ಇಳಿಯುತ್ತಿತ್ತು. ಹದಿನಾರು ವರ್ಷ ಮಳೆಯಲ್ಲಿ ಕರಪತ್ರ ಹಂಚಿದ ನನ್ನನ್ನೂ ಆಕೆ ‘ಹೊಸಬ’ ಎಂದೇ ಕರೆಯುತ್ತಿದ್ದಳು.

ಪಕ್ಷವೂ ಅವಳಿಗೆ ತಕ್ಕಂತೆಯೇ ಇತ್ತು ಅನ್ನಿ. ಲಂಡನ್ನಿನಲ್ಲಿ ಎರಡು ಬಣ. ಒಬ್ಬ ನಾಯಕ ಕುರ್ಚಿಯಲ್ಲಿ ನೆಟ್ಟಗೆ ಕೂರುವ ಮೊದಲೇ ಇನ್ನೊಂದು ಬಣದವರು ಅದರ ಕಾಲು ಅಲ್ಲಾಡಿಸುತ್ತಿದ್ದರು. ಆರು ವರ್ಷದಲ್ಲಿ ನಾಲ್ಕು ಸಲ ನಾಯಕನ ಚುನಾವಣೆ! ಮತಪತ್ರ ಸದಸ್ಯರ ಮನೆಗೆ ಅಂಚೆಯಲ್ಲಿ ಬರುತ್ತಿತ್ತು, ಗುರುತು ಹಾಕಿ ಅಂಚೆಯಲ್ಲೇ ಕಳಿಸಬೇಕು. ಮ್ಯೂರಿಯಲ್ ಒಂದು ಬಣ, ಎನಿಡ್ ಇನ್ನೊಂದು. ಆದರೂ ಇಬ್ಬರೂ ಬೇಕರಿ ಮುಂದಿನ ಕೆಂಪು ಅಂಚೆ ಡಬ್ಬಿಗೆ ಒಟ್ಟಿಗೇ ಹೋಗುತ್ತಿದ್ದರು. ಅಲ್ಲಿ ಲಕೋಟೆ ಅದಲುಬದಲಾಗುತ್ತಿತ್ತು. ಇವಳದನ್ನು ಅವಳು ಹಾಕಬೇಕು, ಅವಳದನ್ನು ಇವಳು.

“ಕೊಡೇ ಇಲ್ಲಿ, ನಿನ್ನ ದರಿದ್ರ ಮತಾನ ನಾನೇ ಹಾಕ್ತೀನಿ” ಎನ್ನುತ್ತಿದ್ದಳು ಎನಿಡ್.

“ಡಬ್ಬಿಗೇ ಹಾಕು ಮಾರಾಯ್ತಿ, ಚರಂಡಿಗಲ್ಲ!”

ಇಬ್ಬರೂ ವಿಧವೆಯರು. ಬಣ ಬೇರೆಯಾದರೂ ಮುರಿಯದ ಆ ಸ್ನೇಹ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಎರಡು ಚುನಾವಣೆ ಹೀಗೇ ಕಳೆದವು. ಮೂರನೆಯದರ ಹೊತ್ತಿಗೆ ಶಾಖೆಗೆ ಒಮ್ಮೆಲೇ ನಲವತ್ತು ಹೊಸ ಸದಸ್ಯರು ಬಂದರು. ಮ್ಯೂರಿಯಲ್‌ಗೆ ನಿದ್ದೆ ಹಾರಿಹೋಯಿತು. ಎಲ್ಲ ಎದುರು ಬಣದ ಕಳ್ಳ ಹೆಸರುಗಳೆಂದು ಅವಳ ತೀರ್ಮಾನ. ಕೇಂದ್ರ ಕಚೇರಿಗೆ ಕಟುವಾದ ಪತ್ರ ಬರೆದಳು: ಪ್ರತಿ ಸದಸ್ಯನ ವಿಳಾಸಕ್ಕೂ ಕಾಗದ ಹಾಕಿ ನೋಡಿ, ಅಲ್ಲಿ ವಾಸವಿಲ್ಲದವರ ಹೆಸರು ಮುಲಾಜಿಲ್ಲದೆ ಹೊಡೆದುಹಾಕಿ.

ಮತಪತ್ರಗಳು ಬಂದವು. ಎನಿಡ್‌ಗೆ ಬಂತು, ನನಗೆ ಬಂತು, ಆ ನಲವತ್ತು ಜನಕ್ಕೂ ಬಂತು. ಮ್ಯೂರಿಯಲ್‌ಗೆ ಬರಲಿಲ್ಲ. ಕಚೇರಿಗೆ ಫೋನ್ ಮಾಡಿದರೆ, ಹೆಸರು ಪಟ್ಟಿಯಲ್ಲಿಲ್ಲ, ಕಾರಣ ಬರೆದು ತಿಳಿಸುತ್ತೇವೆ ಎಂದರು.

ಮುಂದಿನ ಸಭೆಯಲ್ಲಿ ಎಲ್ಲರ ಎದುರಿಗೇ ಎದ್ದು ನಿಂತು ಎನಿಡ್ ಕಡೆ ಬೆರಳು ಮಾಡಿದಳು. “ನನ್ನ ಹೆಸರು ಹೊಡೆಸಿದ್ದು ಇವಳೇ! ಒಂದು ಮತ ಕಮ್ಮಿ ಆದ್ರೆ ಇವಳ ಬಣಕ್ಕೇ ತಾನೇ ಲಾಭ?”

ಎನಿಡ್ ಲೋಟ ಕೆಳಗಿಟ್ಟಳು. “ಎರಡು ಸಲ ನಿನ್ನ ಮತ ನನ್ನ ಕೈಲಿತ್ತಲ್ಲೇ ಮ್ಯೂರಿಯಲ್. ಬೇಕಿದ್ರೆ ಅವತ್ತೇ ಹರಿದು ಬಿಸಾಕ್ತಿದ್ದೆ.”

“ಬಿಸಾಕಿಲ್ಲ ಅಂತ ನಂಗೇನು ಗೊತ್ತು?”

ಎನಿಡ್ ಕೋಟು ಹಾಕಿಕೊಂಡು ಹೊರಟುಹೋದಳು.

ಹತ್ತು ದಿನಕ್ಕೆ ಕಚೇರಿಯ ಉತ್ತರ ಬಂತು. ಮ್ಯೂರಿಯಲ್ ಅದನ್ನು ನನ್ನ ಕೈಗಿಟ್ಟಳು. ವಿಳಾಸ ತಪ್ಪಿದ್ದರಿಂದ ಹೆಸರು ತೆಗೆದಿದೆ, ನಿಮ್ಮದೇ ಮನವಿಯಂತೆ ಕ್ರಮ ಕೈಗೊಳ್ಳಲಾಗಿದೆ, ಎಂದಿತ್ತು. ವಸಂತದಲ್ಲಿ ಆಕೆ ಮಿಲ್ ಬೀದಿಯ ಮನೆ ಬಿಟ್ಟು ಮಗಳ ಪಕ್ಕದ ಫ್ಲಾಟಿಗೆ ಬಂದಿದ್ದಳು. ಡಾಕ್ಟರಿಗೆ ತಿಳಿಸಿದ್ದಳು, ಹಾಲಿನವನಿಗೆ ತಿಳಿಸಿದ್ದಳು. ಶಾಖೆಯ ಪಟ್ಟಿ ತನ್ನ ಕೈಯಲ್ಲೇ ಇದೆಯಲ್ಲ ಎಂದುಕೊಂಡು ಕೇಂದ್ರ ಕಚೇರಿಗೆ ಮಾತ್ರ ತಿಳಿಸಿರಲಿಲ್ಲ. ಹಳೆ ಮನೆಗೆ ಬಂದವರು ಕಾಗದವನ್ನು ಪ್ರಾಮಾಣಿಕವಾಗಿ ವಾಪಸ್ ಕಳಿಸಿದ್ದರು.

“ಹೋಗಿ ಕ್ಷಮೆ ಕೇಳಿ” ಎಂದೆ.

“ನೋಡೋಣ” ಎಂದಳು. ಒಂದು ವರ್ಷ ಬರೀ ನೋಡಿದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು.

ಅಷ್ಟರಲ್ಲಿ ಆ ನಾಯಕನನ್ನೂ ಇಳಿಸಿದರು. ನಾಲ್ಕನೆಯ ಚುನಾವಣೆ ಬಂತು, ಹೊಸ ವಿಳಾಸಕ್ಕೆ ಮತಪತ್ರವೂ ಬಂತು. ಮ್ಯೂರಿಯಲ್ ಅದನ್ನು ಹಿಡಿದು ಎನಿಡ್ ಮನೆ ಬಾಗಿಲು ತಟ್ಟಿದಳು. ತಪ್ಪು ನನ್ನದೇ ಎಂದಳಂತೆ, ಅತ್ತಳಂತೆ. “ನೀನೇ ಹಾಕೇ” ಎಂದು ಲಕೋಟೆ ಕೊಟ್ಟಳಂತೆ. “ಸರಿ, ನಾಳೆ ಹಾಕ್ತೀನಿ” ಎಂದು ಎನಿಡ್ ತೆಗೆದುಕೊಂಡಳು.

ಮಾರನೆ ಬೆಳಿಗ್ಗೆ ನಾನು ಬ್ರೆಡ್ ತರಲು ಹೋದಾಗ ಬಸ್ ನಿಲ್ದಾಣದ ಗೋಡೆ ಹಿಂದೆ ಮ್ಯೂರಿಯಲ್ ಬಗ್ಗಿ ನಿಂತಿದ್ದಳು. ಕನ್ನಡಕ ಮೂಗಿನ ತುದಿಯಲ್ಲಿತ್ತು. ಎದುರಿಗೆ, ಬೇಕರಿ ಮುಂದೆ, ಎನಿಡ್ ಬಂದು ಮ್ಯೂರಿಯಲ್‌ಳ ಲಕೋಟೆಯನ್ನು ಎತ್ತಿ ಹಿಡಿದು, ನಿಧಾನವಾಗಿ ಡಬ್ಬಿಗೆ ಹಾಕಿದಳು. ಆಮೇಲೆ ಚೀಲದಿಂದ ತನ್ನದನ್ನು ತೆಗೆದು ಅದನ್ನೂ ತಾನೇ ಹಾಕಿದಳು.

“ನೋಡಿ ಆಯ್ತಾ, ಮ್ಯೂರಿಯಲ್?” ಎಂದಳು, ತಿರುಗದೆ.