ಕರೆಪ್ಪ ಕೂಡಿಸಿದ ಚಿಮಣಿ ಎಣ್ಣೆ

ವಿಜಯಪುರದ ಅಥಣಿ ರಸ್ತೆಗಿದ್ದ ಹಿಟ್ಟಿನ ಗಿರಣಿಯಲ್ಲಿ ಇಂಜಿನ್ ಒರೆಸುವ ಕೆಲಸ ಕರೆಪ್ಪನದು. ಮಹಾಯುದ್ಧದ ಕಾಲ. ಸಕ್ಕರೆ, ಅರಿವೆ, ಚಿಮಣಿ ಎಣ್ಣೆ, ಎಲ್ಲಕ್ಕೂ ಕಾರ್ಡು, ಎಲ್ಲಕ್ಕೂ ಪಾಳಿ. ಕರೆಪ್ಪನ ಕೇರಿಯವರ ಪಾಳಿ ಮಾತ್ರ ಎಂದೂ ಬರುತ್ತಿರಲಿಲ್ಲ. ಊರವರ ಡಬ್ಬಿ ತುಂಬಿದ ಮೇಲೆ ದುಕಾನದವನು ಪೀಪಾಯಿ ಬಡಿದು ತೋರಿಸುತ್ತಿದ್ದ.

"ಮುಗೀತು. ನಿಮ್ಮ ಕೇರ್‍ಯಾಗ ದೀಪಾ ಹಚ್ಚಿ ಏನ್ ಪುರಾಣಾ ಓದಾವ್ರದೀರಿ? ನಾಳೆ ಬರ್ರಲೇ."

ಅವನ ನಾಲಗೆಗೆ ಹುಳ ಬೀಳಲಿ! ಕತ್ತಲೆಗೆ ಹೆದರುವವಳಲ್ಲ ಕರೆಪ್ಪನ ಹೆಂಡತಿ ಸೀತವ್ವ. ಆದರೆ ಆ ಮಳೆಗಾಲದಲ್ಲಿ ಕಲ್ಲುಗೋಡೆಯ ಸಂದಿಯಿಂದ ಚೇಳು ಹೊರಬಿದ್ದವು. ಒಂದು ಸಂಜೆ ಹಸಿಗೂಸಿನ ಕೌದಿಯಲ್ಲೇ ಒಂದು ಸಿಕ್ಕಿತು. ಅಂದಿನಿಂದ ಅವಳು ಗಂಡನನ್ನು ಸುಮ್ಮನೆ ಕೂಡಗೊಡಲಿಲ್ಲ.

"ದಿನಾ ಎಣ್ಣ್ಯಾಗ ಮುಳಗಿ ಬರ್ತೀರಿ. ನಿಮ್ಮ ಅಂಗಿ ಹಿಂಡಿದ್ರ ಒಂದು ದೀಪಾ ಉರೀತದ. ಮನ್ಯಾಗ ನೋಡಿದ್ರ ಕಗ್ಗತ್ತಲಿ!"

"ಅದು ದಪ್ಪ ಎಣ್ಣಿ ಬೇ, ಬತ್ತಿಗೆ ಏರೂದಿಲ್ಲ."

"ಹಂಗಾರ ತೆಳ್ಳಂದು ತರ್ರಿ!"

ಸಿಟ್ಟಿನಲ್ಲಿ ಆಡಿದ ಮಾತು. ಕರೆಪ್ಪನಿಗೆ ಅದೇ ತಲೆ ಹೊಕ್ಕಿತು. ಮರುದಿನ ಬುತ್ತಿ ಬಿಚ್ಚಿದಾಗ ಗಿರಣಿಯ ಫಿಟ್ಟರ್ ಇಸ್ಮಾಯಿಲನನ್ನು ಕೇಳಿದ.

"ಎಲ್ಲಾ ಒಂದ ತಾಯಿ ಮಕ್ಕಳಲೇ ಇವು," ಅಂದ ಇಸ್ಮಾಯಿಲ. "ನೆಲದಾಗಿಂದ ಬರೂದು ಒಂದ ಕರೀ ಎಣ್ಣಿ. ಅದನ್ನ ಕಾಸಿದ್ರ ಮೊದಲ ಹಬಿ ಆಗಿ ಏಳೂದು ಪೆಟ್ರೋಲ. ಅದರ ಹಿಂದ ಚಿಮಣಿ ಎಣ್ಣಿ, ಅದರ ಹಿಂದ ನಮ್ಮ ಇಂಜಿನ್ ಎಣ್ಣಿ. ತಳಕ್ಕ ಉಳಿಯೂದು ರಸ್ತಾಕ್ಕ ಹಾಕೂ ಡಾಂಬರ."

"ಅಂದ್ರ ಚಿಮಣಿ ಎಣ್ಣಿ ನಡುವಿಂದ್ರಿ?"

"ಹೂಂ, ನಡುವಿಂದು."

ಕರೆಪ್ಪನಿಗೆ ಅಷ್ಟು ಸಾಕಾಯಿತು. ಗಟ್ಟಿ ಮಜ್ಜಿಗೆಗೆ ನೀರು ಕೂಡಿಸಿದರೆ ಹದವಾದ ಮಜ್ಜಿಗೆ ಆಗುವುದಿಲ್ಲವೇ? ಇಂಜಿನ್ನಿನ ನಳಿಗೆಯಿಂದ ತೊಟ್ಟಿಕ್ಕಿದ ದಪ್ಪ ಎಣ್ಣೆಗೆ, ಸಾಮಾನು ತೊಳೆದು ಉಳಿದ ಪೆಟ್ರೋಲು ಸುರುವಿದ. ಗಿರಣಿಯವರು ಎಣ್ಣೆ ನೋಡುವ ರೀತಿಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡಿದ. ಥೇಟ್ ಚಿಮಣಿ ಎಣ್ಣೆ! ಚಿಂದಿ ಅದ್ದಿ ಬಯಲಲ್ಲಿ ಹಚ್ಚಿದರೆ ಚೊಲೋ ಉರಿಯಿತು.

ಅಯ್ಯೋ ಹುಚ್ಚಪ್ಪಾ, ಎಣ್ಣೆ ಮಜ್ಜಿಗೆಯಲ್ಲವೋ! ಅದರ ಒಂದೊಂದು ಕಣವೂ ಇಂಗಾಲಕ್ಕೆ ಇಂಗಾಲ ಕೊಂಡಿ ಹಾಕಿಕೊಂಡು, ಸುತ್ತಲೂ ಜಲಜನಕ ಅಂಟಿಸಿಕೊಂಡ ಸರಪಳಿ. ಪೆಟ್ರೋಲಿನದು ಗಿಡ್ಡ ಸರಪಳಿ, ಕಾಸದಿದ್ದರೂ ಹಬೆಯಾಗಿ ಏಳುತ್ತದೆ. ಇಂಜಿನ್ ಎಣ್ಣೆಯದು ಉದ್ದ, ಕಾಯ್ದರೂ ಬೇಗ ಏಳುವುದಿಲ್ಲ. ಎರಡನ್ನೂ ಕೂಡಿಸಿದರೆ ಗಿಡ್ಡದ್ದು ಗಿಡ್ಡದ್ದಾಗಿಯೇ ಉಳಿಯುತ್ತದೆ, ಉದ್ದದ್ದು ಉದ್ದದ್ದಾಗಿಯೇ. ನಡುವಿನದು ಹುಟ್ಟುವುದಿಲ್ಲ. ಕರೆಪ್ಪನ ಬೆರಳಿಗೆ ಇದು ಗೊತ್ತಾಗಲಿಲ್ಲ, ಅವನಿಗೆ ಹೇಳುವವರೂ ಇರಲಿಲ್ಲ.

ಅಂದೇ ಅರಕೇರಿಯಿಂದ ಕರೆಪ್ಪನ ಚಿಗವ್ವ ತಾಯವ್ವ ಜೋಳ ಬೀಸಿಸಲು ಬಂದಿದ್ದಳು. ಅವಳ ಮಗಳು ಬಾಣಂತಿ. ಕರೆಪ್ಪ ಎದೆಯುಬ್ಬಿಸಿ ಅವಳಿಗೊಂದು ಬಾಟಲಿ ಕೊಟ್ಟ. "ಆ ದುಕಾನದಾವನ ಮಾರಿ ನೋಡೂದ ಬ್ಯಾಡ ಇನ್ನ, ಚಿಗವ್ವಾ."

"ನಿನ್ನ ಹೊಟ್ಟಿ ತಣ್ಣಗಿರ್ಲಿ ಯಪ್ಪಾ," ಎಂದು ಹರಸಿ ತಾಯವ್ವ ಊರಿನ ಚಕ್ಕಡಿ ಹತ್ತಿದಳು.

ಹೊತ್ತು ಮುಳುಗುತ್ತಲೇ ಸೀತವ್ವ ದೀಪ ಹಚ್ಚಿದಳು. ಚಿಗವ್ವನಿಗೂ ಒಂದು ಬಾಟಲಿ ಕೊಟ್ಟೆನೆಂದ ಗಂಡನ ಮಾತು ಕೇಳಿ ನಗುನಗುತ್ತಲೇ ಹಚ್ಚಿದಳು. ತಗಡಿನ ಬುಡ್ಡಿ ಕಾಯ್ದಿತು, ಒಳಗೆ ಪೆಟ್ರೋಲಿನ ಹಬೆ ತುಂಬಿತು. ತೊಟ್ಟಿಲ ಕೆಳಗೆ ಚೇಳು ಇದೆಯೇನೋ ನೋಡಲು ಅವಳು ಬುಡ್ಡಿ ಎತ್ತಿಕೊಂಡು ಬಗ್ಗಿದಳು. ಅದು ಮುಖದೆದುರಿಗೇ ಸಿಡಿಯಿತು.

ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ಕರೆಪ್ಪ ಒಳಗೆ ನುಗ್ಗಿ ಅವಳಿಗೆ ಕೌದಿ ಸುತ್ತಿ ಬೆಂಕಿ ಆರಿಸಿದ. ಕೂಸಿಗೆ ಏನೂ ಆಗಿರಲಿಲ್ಲ. ಸುದ್ದಿ ಕೇಳಿ ಇಸ್ಮಾಯಿಲ ಟಾಂಗಾ ತಂದ. ಸೀತವ್ವನನ್ನು ಅದರಲ್ಲಿ ಮಲಗಿಸಿದಾಗ ಅವಳಿಗೆ ಇನ್ನೂ ಎಚ್ಚರವಿತ್ತು.

"ಕೂಸು?"

"ಆರಾಮ ಅದ."

"ನಿಮ್ಮ ಚಿಗವ್ವಗೂ ಕೊಟ್ಟೀರಲ್ಲ... ಅಲ್ಲಿ ಬಾಣಂತಿ ಅದಾಳ."

ಕರೆಪ್ಪ ಅವಳ ಕೈ ಬಿಡಲಿಲ್ಲ. "ನಿನ್ನ ಬಿಟ್ಟು ಹೆಂಗ ಹೋಗ್ಲಿ?"

"ಹೋಗ್ರಿ ಅಂದ್ರ ಹೋಗ್ರಿ!"

ಹೋದ. ಇಸ್ಮಾಯಿಲನ ಸೈಕಲ್ಲು ತುಳಿಯುತ್ತ, ದಾರಿಯುದ್ದಕ್ಕೂ ಗೋಳಾಡುತ್ತ ಅರಕೇರಿಗೆ ಹೋದ. ತಾಯವ್ವ ಬುಡ್ಡಿಯಲ್ಲಿದ್ದ ಹಳೆಯ ಎಣ್ಣೆ ತೀರಿಸಿ ಆಗ ತಾನೇ ಬಾಟಲಿಯ ಬಿರಡೆಗೆ ಕೈ ಹಾಕಿದ್ದಳು. ಕರೆಪ್ಪ ಕಸಿದುಕೊಂಡು ಹೊರಗೆ ಮಣ್ಣಿಗೆ ಸುರುವಿದ.

"ಸಿಡೀತದ ಚಿಗವ್ವಾ! ಸೀತಾ ಸುಟ್ಟಾಳ!"

"ಎಣ್ಣಿ ಎಲ್ಲರೆ ಸಿಡೀತದೇನು? ಕೊಟ್ಟು ಕಸಗೊಳ್ಳಾಕ ನಾಚಿಕಿ ಬರೂದಿಲ್ಲ ನಿನಗ?"

ಅವನು ತಿರುಗಿ ಬರುವಷ್ಟರಲ್ಲಿ ದವಾಖಾನೆಯ ಕಟ್ಟೆಯ ಮೇಲೆ ಇಸ್ಮಾಯಿಲ ತಲೆ ಬಗ್ಗಿಸಿ ಕೂತಿದ್ದ. "ಬಾಣಂತಿ ಉಳದಳೇನು ಅಂತ ಕೇಳಾಕತ್ತಿದ್ಳು," ಅಂದ. "ನಾ ಹೂಂ ಅಂದ್ನಿ. ಆಮ್ಯಾಲ ಮಾತಾಡ್ಲಿಲ್ಲ."

ಸೀತವ್ವನ ಮಣ್ಣಾದ ಮೇಲೆ ತಾಯವ್ವ ಮಗಳೊಂದಿಗೆ ಬಂದಳು. ಅಂಗಳದಲ್ಲಿ ಕೂತ ಹೆಂಗಸರಿಗೆ ಸೆರಗು ಬಾಯಿಗಿಟ್ಟು ಹೇಳಿದಳು: "ಹೇಣ್ತಿ ಸಾಯಾಕತ್ತಾಳ, ಇಂವಾ ಒಂದ ಬಾಟ್ಲಿ ಎಣ್ಣಿ ಸಲುವಾಗಿ ನಮ್ಮೂರಿಗೆ ಓಡಿ ಬಂದಾನ ನೋಡವ್ವಾ. ಎಂಥಾ ಗಂಡಸು!"

ಗೋಡೆಗೊರಗಿದ್ದ ಕರೆಪ್ಪನಿಗೆ ಎಲ್ಲವೂ ಕೇಳಿಸಿತು. ಒಳಗೆ ತಾಯವ್ವನ ಮಗಳು ಸೀತವ್ವನ ಕೂಸಿಗೆ ಹಾಲೂಡಿಸುತ್ತಿದ್ದಳು.